ಹಣೆಗಣ್ಣಿಗೆ ಕುಂಕುಮ

ಹನುಮವ್ವನ ಬಲಗೈ ಹೆಬ್ಬೆರಳು ಮುಷ್ಕರ ಹೂಡಿ ಮೂರು ತಿಂಗಳಾಗಿತ್ತು. ಬೆಳಿಗ್ಗೆ ಚಹಾದ ಬಸಿ ಹಿಡಿದರೆ ಬಸಿ ಗಡಗಡ ಎನ್ನುತ್ತಿತ್ತು. ಸೀರೆಯ ನೆರಿಗೆ ಸಿಕ್ಕಿಸಿಕೊಳ್ಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಬೈಕುಲ್ಲಾದ ಆ ಹಳೆಯ ಚಾಳಿನ ಕೆಳಗಿನ ಖೋಲಿಯಲ್ಲಿ ಐದು ಹೆಂಗಸರು ಸಾಲಾಗಿ ಕೂತು ಮಾರಾಟಕ್ಕೆ ಜೋಳದ ರೊಟ್ಟಿ ಬಡಿಯುತ್ತಾರೆ. ಸಾಲಿನ ಮೊದಲ ಕಲ್ಲು ಮೂವತ್ತೊಂದು ವರ್ಷದಿಂದ ಹನುಮವ್ವನದು. ಮೊದಲ ಕಲ್ಲಿನವಳೇ ಕೈ ನೋವೆಂದು ಕೂತರೆ ಉಳಿದವರು ಏನಂದಾರು?

ಪಕ್ಕದ ಕಲ್ಲಿನ ಸುಗರಾಗೆ ಮಾತ್ರ ಹೇಗೋ ತಿಳಿದುಹೋಗಿತ್ತು. ಒಂದು ದಿನ ಹನುಮವ್ವ ತನ್ನ ಬುಟ್ಟಿಯ ರೊಟ್ಟಿ ಎಣಿಸಿದಳು. ತೊಂಬತ್ತು ಇದ್ದವು. ತಾನು ಬಡಿದದ್ದು ಎಪ್ಪತ್ತೇ ಎಂಬುದು ಅವಳ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಮರುದಿನವೂ ಹಾಗೇ ಆಯಿತು. ಅವಳು ಓರೆಗಣ್ಣಿನಿಂದ ನೋಡಿದಾಗ ಸುಗರಾ ಗೋಡೆಯ ಕಡೆ ಮುಖ ಮಾಡಿ, ಹಿಟ್ಟಿನ ಕೈಯಿಂದಲೇ ಮೂಗು ತುರಿಸಿಕೊಳ್ಳುತ್ತ ಏನೋ ಗುನುಗುತ್ತಿದ್ದಳು. ಆ ಇಪ್ಪತ್ತು ರೊಟ್ಟಿಗಳ ಮಾತನ್ನು ಇಬ್ಬರೂ ಎತ್ತಲಿಲ್ಲ. ಸಂಜೆಯ ಚಹಾದ ಹೊತ್ತಿಗೆ ಸುಗರಾಳ ಬಸಿಯ ಪಕ್ಕ ಒಂದು ಖಾರಿ ಬಿಸ್ಕೀಟು ಹೆಚ್ಚು ಬಿತ್ತು, ಅಷ್ಟೇ.

ಕೊನೆಗೆ ಅವಳನ್ನು ಪರೇಲಿನ ಆಸ್ಪತ್ರೆಗೆ ಎಳೆದುಕೊಂಡು ಹೋದವಳೂ ಸುಗರಾನೇ. ಡಾಕ್ಟರು ಹೆಬ್ಬೆರಳು ಒತ್ತಿದರು, ಎಳೆದರು, ಮಡಿಸಿದರು. ಇನ್ನಾರು ತಿಂಗಳು ಹೀಗೇ ಬಡಿದರೆ ಈ ಕೈಯಲ್ಲಿ ನೀರಿನ ಲೋಟ ಹಿಡಿಯುವುದೂ ಆಗುವುದಿಲ್ಲ, ಬಡಿಯುವುದು ಬಿಡಬೇಕು ಎಂದರು.

"ಬಡೀದ ರೊಟ್ಟಿ ಹ್ಯಾಂಗ ಆಗ್ತೈತ್ರಿ?" ಎಂದಳು ಹನುಮವ್ವ.

ಡಾಕ್ಟರು ನಗಲಿಲ್ಲ. ಅದನ್ನು ಹನುಮವ್ವ ಆಮೇಲೆ ಬಹಳ ದಿನ ನೆನೆಸಿಕೊಂಡಳು. ಅವರು ಚೀಟಿಯ ಹಿಂಬದಿಗೆ ಇನ್ನೊಂದು ವಿಳಾಸ ಬರೆದುಕೊಟ್ಟರು. ಮನುಷ್ಯರ ಮೈಗೂ ಅವರು ಮಾಡುವ ಕೆಲಸಕ್ಕೂ ಯಾಕೆ ಜಗಳ ಬೀಳುತ್ತದೆ ಎಂದು ಅಭ್ಯಾಸ ಮಾಡುವವರು ಅಲ್ಲಿದ್ದಾರಂತೆ.

ಹನುಮವ್ವನ ಮಾವ ಒಂದು ಕಾಲಕ್ಕೆ ನೂಲು ತೆಗೆಯುತ್ತಿದ್ದ ಪರೇಲಿನ ಮಿಲ್ಲಿನ ಜಾಗದಲ್ಲಿ ಈಗೊಂದು ಗಾಜಿನ ಬಿಲ್ಡಿಂಗು. ಅದರ ಆರನೆಯ ಮಾಳಿಗೆಯಲ್ಲಿ ಆ ಆಫೀಸು. ಅಲ್ಲಿನ ಕುರ್ಚಿಗಳಿಗೆಲ್ಲ ಬದಿಗೊಂದು ಹಿಡಿಕೆ. ಏನಿರಬಹುದೆಂದು ಸುಗರಾ ಅದನ್ನು ಎಳೆದದ್ದೇ ತಡ, ಕುರ್ಚಿ ಸರ್ರನೆ ಇಳಿದು ಅವಳ ಮಂಡಿ ಗದ್ದಕ್ಕೆ ಬಂತು.

"ಯಾ ಅಲ್ಲಾ! ಹನುಮಿ, ನಾ ಹೊಂಟೆ, ಹಿಡಕೋ!"

ಆ ಕೂಗಿಗೆ ಒಳಗಿನಿಂದ ಓಡಿಬಂದವಳೇ ಬುಷರಾ. ಇಪ್ಪತ್ತೇಳರ ಹುಡುಗಿ, ಕಿವಿಯ ಹಿಂದೆ ಪೆನ್ಸಿಲು. ಅಜ್ಜಿ ಕಲಬುರ್ಗಿಯವರಂತೆ, ತಾನು ಹುಟ್ಟಿದ್ದು ಬೈಕುಲ್ಲಾದಲ್ಲೇ. ಅವಳ ಕನ್ನಡ ಹಿಂದಿಯ ಹೆಗಲ ಮೇಲೆ ಕೈಯಿಟ್ಟುಕೊಂಡು ನಡೆಯುತ್ತಿತ್ತು. ಹನುಮವ್ವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಮೌಶಿ, ನಾನು ಪೆಹಲೇ ನಿಮ್ಮ ಕೆಲಸ ನೋಡಬೇಕು. ನಿಮ್ಮ ಜಾಗಾದಲ್ಲೇ," ಎಂದಳು.

ಹೇಳಿದಂತೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮೂರು ದಿನ ನೆಲದ ಮೇಲೆ ಕೂತಳು. ಅಳತೆಯ ಟೇಪು ಹೊರಗೆ ತೆಗೆಯಲಿಲ್ಲ. ಮೂರನೆಯ ದಿನ ತಾನೂ ಒಂದು ರೊಟ್ಟಿ ಬಡಿಯಲು ಕೂತಳು. ಅದು ಮಹಾರಾಷ್ಟ್ರದ ನಕಾಶೆಯಂತಾಯಿತು, ನಡುವೆ ಒಂದು ದೊಡ್ಡ ತೂತು ಬೇರೆ. ಹನುಮವ್ವ ಅದನ್ನೂ ಹೆಂಚಿಗೆ ಹಾಕಿ, ಎರಡೂ ಬದಿ ಚೆಂದ ಬೇಯಿಸಿ, ಶೇಂಗಾ ಚಟ್ನಿ ಹಚ್ಚಿಕೊಂಡು ತಾನೇ ತಿಂದಳು.

ಆಮೇಲೆ ಶುರುವಾಯಿತು ಅಳತೆಯ ಹಬ್ಬ. ಪರೇಲಿನ ಆಫೀಸಿನಲ್ಲಿ ಹನುಮವ್ವನ ಭುಜ, ಮೊಣಕೈ, ಮಣಿಕಟ್ಟು, ಬೆರಳುಗಳಿಗೆಲ್ಲ ಬಿಳಿ ಗುಂಡುಗಳನ್ನು ಅಂಟಿಸಿದರು. ಸುತ್ತ ಎಂಟು ಕ್ಯಾಮೆರಾ. ಅವಳು ರೊಟ್ಟಿ ಬಡಿಯುತ್ತಿದ್ದರೆ ಪಕ್ಕದ ಪರದೆಯ ಮೇಲೆ ಬರೀ ಗೆರೆ-ಚುಕ್ಕಿಗಳ ಒಂದು ಹೆಂಗಸು ಹಾಗೇ ರೊಟ್ಟಿ ಬಡಿಯುತ್ತಿತ್ತು.

"ಇದ್ಯಾರವಾ?" ಎಂದಳು ಹನುಮವ್ವ.

"ನೀವೇ, ಮೌಶಿ."

ಸುಗರಾ ಪರದೆಯ ಹತ್ತಿರ ಹೋಗಿ ದಿಟ್ಟಿಸಿ ನೋಡಿದಳು. "ನಿನ್ನ ನೋಡಾಕ ಹತ್ತಿ ಮೂವತ್ತ ವರ್ಷ ಆತು ಹನುಮಿ. ಇವತ್ತ ಮೊದಲನೇ ಸಲ ತೆಳ್ಳಗ ಕಂಡಿ."

ಹನುಮವ್ವ ನಕ್ಕ ರಭಸಕ್ಕೆ ಎರಡು ಗುಂಡು ಕಿತ್ತುಬಂದು ಹಿಟ್ಟಿನಲ್ಲಿ ಬಿದ್ದವು. ಪರದೆಯ ಹೆಂಗಸಿನ ಒಂದು ಭುಜವೇ ಮಾಯವಾಯಿತು. ಅದನ್ನು ಹುಡುಕಿ ಮತ್ತೆ ಅಂಟಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಬುಷರಾ ಎಣಿಸಿ ಹೇಳಿದಳು: ಒಂದು ರೊಟ್ಟಿಗೆ ಅರವತ್ತನಾಲ್ಕು ಬಡಿತ. ಕೈ ಸರಿಯಿದ್ದಾಗಿನಂತೆ ದಿನಕ್ಕೆ ನೂರಿಪ್ಪತ್ತು ರೊಟ್ಟಿಯೆಂದರೆ ಏಳು ಸಾವಿರದ ಆರುನೂರ ಎಂಬತ್ತು.

"ದಿನಾ ಇಷ್ಟ ಹೊಡತ ನನ್ನ ಗಂಡಗ ಬಿದ್ದಿದ್ರ ಯಾವಾಗೋ ಶಾಣ್ಯಾ ಆಗ್ತಿದ್ದ," ಎಂದಳು ಹನುಮವ್ವ. ಮುಲುಂಡಿನ ಒಂದು ಸೊಸೈಟಿಯಲ್ಲಿ ವಾಚ್‌ಮನ್ ಆಗಿದ್ದ ಗದಿಗೆಪ್ಪ ಆ ಹೊತ್ತಿಗೆ ಅಲ್ಲಿನ ಗೇಟಿನಲ್ಲಿ ಕೂತು ಸುಮ್ಮನೆ ಬಿಕ್ಕಳಿಸಿರಬೇಕು.

ಹೀಗೆ ಅಳೆದು, ಎಣಿಸಿ, ಬುಷರಾ ಒಂದು ಮಶೀನು ಮಾಡಿಸಿದಳು. ಹಿಟ್ಟಿನ ಉಂಡೆಯಿಟ್ಟು, ಹೊಲಿಗೆ ಮಶೀನಿಗಿರುವಂಥ ಪೆಡಲನ್ನು ಕಾಲಿನಿಂದ ಒತ್ತಿದರೆ ಮೇಲಿನ ತಟ್ಟೆ ಇಳಿದು ಉಂಡೆಯನ್ನು ಅಗಲ ಮಾಡುತ್ತದೆ. ಪೂರಾ ತೆಳ್ಳಗೆ ಮಾಡುವುದಿಲ್ಲ. ಕೊನೆಯ ನಾಲ್ಕು ಬಡಿತ ಕೈಗೇ ಬಿಟ್ಟದ್ದು. ಕೈ ಮುಟ್ಟದ ರೊಟ್ಟಿಯನ್ನು ರೊಟ್ಟಿ ಅನ್ನಬೇಡ ಎಂದು ಹನುಮವ್ವ ಹಟ ಹಿಡಿದಿದ್ದಳು. ಎಲ್ಲಕ್ಕಿಂತ ಮುಖ್ಯವಾದದ್ದು ಮಶೀನಿನ ಕಣ್ಣು. ತಟ್ಟೆಗಳ ನಡುವೆ ಯಾರ ಬೆರಳಾದರೂ ಕಂಡರೆ ಮಶೀನು ಅಲ್ಲಾಡುವುದಿಲ್ಲ. ಕೆಂಪು ದೀಪ ಹಚ್ಚಿ, ಮೆತ್ತನೆಯ ಹೆಣ್ಣುದನಿಯಲ್ಲಿ "ಕೃಪಯಾ ಹಾಥ್ ಹಟಾಯಿಯೇ" ಎಂದು ಕೈ ತೆಗೆಯಲು ಹೇಳುತ್ತದೆ.

"ನಿನ್ನ ಸೊಸಿಗಿಂತ ಛಲೋ ಮಾತಾಡ್ತೈತಿ," ಎಂದಳು ಸುಗರಾ.

ಮಶೀನು ಬಳಸಿದ ಮೇಲೆ ಬುಷರಾ ಕಾಗದ ಹಿಡಿದು ಕೇಳುತ್ತಿದ್ದಳು. ಎಷ್ಟು ಕಷ್ಟವಾಯಿತು, ಹತ್ತರಲ್ಲಿ ಎಷ್ಟು? ಎಷ್ಟು ನೋವಾಯಿತು, ಹತ್ತರಲ್ಲಿ ಎಷ್ಟು? ಹನುಮವ್ವ ಎಲ್ಲಕ್ಕೂ "ಹತ್ತು" ಎಂದಳು. ಬುಷರಾಳ ಮುಖ ಬೆಳ್ಳಗಾಯಿತು. ಹನುಮವ್ವ ಅವಳ ಬೆನ್ನು ತಟ್ಟಿ, "ಹೆದರಬ್ಯಾಡವಾ. ಎಲ್ಲಾದಕ್ಕೂ ಪೂರಾ ಮಾರ್ಕ್ಸ್ ಕೊಟ್ಟೀನಿ. ನೀ ನಾಪಾಸಾಗಂಗಿಲ್ಲ," ಎಂದಳು. ಅವತ್ತು ಬುಷರಾ ನಗುತ್ತ ನಗುತ್ತ ಆ ಏರಿಳಿಯುವ ಕುರ್ಚಿಯಲ್ಲಿ ಕುಸಿದಳು. ಕುರ್ಚಿಯೂ ಅವಳ ಜೊತೆ ಕುಸಿಯಿತು.

ಉಳಿದದ್ದು ಒಂದೇ ಪರೀಕ್ಷೆ. ಬರುವ ಶುಕ್ರವಾರ ಹೊಸ ಮಶೀನುಗಳನ್ನು ಪಾಸು ಮಾಡುವ ಸಮಿತಿಯವರು ಬೈಕುಲ್ಲಾದ ಖೋಲಿಗೇ ಬರುತ್ತಾರೆ. ಮಶೀನು ಒಂದು ಸಲವೂ ಕೆಡದೆ, ನಿಲ್ಲದೆ ನೂರು ರೊಟ್ಟಿ ಮಾಡಬೇಕು. ಮಾಡಿದರೆ ಅದು ಮೊದಲ ಕಲ್ಲಿನ ಜಾಗದಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಟೆಂಪೋ ಹತ್ತಿ ಪರೇಲಿಗೆ ವಾಪಸು. ಹನುಮವ್ವ ಕೆಲಸ ಬಿಟ್ಟು ಗೋಡೆಗೆ ಒರಗಿ ಕೂರಬೇಕು. ಹಾಗೆ ಕೂರುವುದನ್ನು ನೆನೆಸಿದರೇ ಅವಳಿಗೆ ಹೆಬ್ಬೆರಳಿಗಿಂತ ಹೆಚ್ಚಾಗಿ ಎದೆ ನೋಯುತ್ತಿತ್ತು.

ಗುರುವಾರ ಸಂಜೆ ಮಶೀನು ಬಂತು. ಪರೇಲಿನಲ್ಲಿದ್ದಾಗ ಅದರ ಕಣ್ಣು ಪಕ್ಕದಲ್ಲಿತ್ತು, ಪದೇ ಪದೇ ಹಿಟ್ಟು ಕೂರುತ್ತಿತ್ತು. ಹಿಟ್ಟು ಹಾರದ ಕಡೆ ಇರಲಿ ಎಂದು ಬುಷರಾ ಅದನ್ನು ಈಗ ಮೇಲ್ಗಡೆ, ಸರಿಯಾಗಿ ನಡುಮಧ್ಯಕ್ಕೆ ತಂದಿದ್ದಳು. ರೂಪಾಯಿಯಷ್ಟಗಲದ ಕರಿ ಗಾಜಿನ ಹಿಂದೆ ಅದು ಕೂತಿತ್ತು. ಈ ಉಪಾಯದ ಬಗ್ಗೆ ಅವಳಿಗೆ ಬಹಳ ಹೆಮ್ಮೆ. ಟೆಂಪೋದಿಂದ ಇಳಿಸುವಾಗ, "ಮೌಶಿ, ಕಣ್ಣು ಈಗ ಊಪರ್ ಇದೆ," ಎಂದು ಕೂಗಿ ಹೇಳಿದಳು ಕೂಡ. ಅದೇ ಹೊತ್ತಿಗೆ ಹಿಂದಿದ್ದ ಮೂರು ಟ್ಯಾಕ್ಸಿಗಳು ಒಟ್ಟಿಗೆ ಹಾರನ್ ಹೊಡೆದವು. ಹನುಮವ್ವನಿಗೆ ಕೇಳಿಸಿದ್ದು ಹಾರನ್ ಮಾತ್ರ.

ಶುಕ್ರವಾರ ನಸುಕಿಗೇ ಎದ್ದು ಅವಳು ಖೋಲಿ ಸಾರಿಸಿದಳು. ಮನೆಗೆ ಹೊಸ ಮಶೀನು ಬಂದಿದೆ, ಅದೂ ಶುಕ್ರವಾರ. ಹಾಗೇ ಕೆಲಸಕ್ಕೆ ಹಚ್ಚುವುದುಂಟೆ? ಮೊದಲ ಲೋಕಲಿಗೆ ಮುಲುಂಡಿನಿಂದ ಬಂದ ಗದಿಗೆಪ್ಪ ತೆಂಗಿನಕಾಯಿ ತಂದಿದ್ದ. ಕುಂಕುಮ ಮುಗಿದಿದೆಯೆಂದು ತಿಳಿದು ಸುಗರಾನೇ ಹೋಗಿ ಮೂಲೆಯ ಅಂಗಡಿಯ ಬಾಗಿಲು ಬಡಿದು ಪುಡಿಕೆ ತಂದಳು. ಹನುಮವ್ವ ಮಶೀನಿಗೆ ಹೂವು ಏರಿಸಿ, ಊದಿನಕಡ್ಡಿ ಬೆಳಗಿ, ಅದರ ಎದುರು ನಿಂತು ನೋಡಿದಳು. ಎರಡು ಗುಂಡಿಗಳು, ಕೆಳಗೆ ಬಾಯಿಯಂಥ ತಟ್ಟೆ, ಮೇಲೆ ನಡುಮಧ್ಯಕ್ಕೆ ಹಣೆಯಂತೆ ನುಣುಪಾಗಿ ಒಂದು ಕರಿಯ ದುಂಡು. ಮಾಡಿದವರಿಗೂ ಬುದ್ಧಿ ಇದೆ, ಕುಂಕುಮಕ್ಕೆಂದೇ ಜಾಗ ಬಿಟ್ಟಿದ್ದಾರೆ ಎಂದುಕೊಂಡಳು. ಅರಿಷಿಣ-ಕುಂಕುಮ ಎಣ್ಣೆಯಲ್ಲಿ ಕಲಸಿ, ನೋಯುವ ಹೆಬ್ಬೆರಳಿನಿಂದಲೇ ಒತ್ತಿ, ದಪ್ಪಗೆ ಹಚ್ಚಿದಳು.

"ನನ್ನ ಮಾನ ಉಳಸವ್ವಾ," ಎಂದು ಕೈ ಮುಗಿದಳು.

ಹತ್ತು ಗಂಟೆಗೆ ಸಮಿತಿ ಬಂತು. ಮುಖ್ಯಸ್ಥೆ ಶಿವಕುಮಾರಿ ಮೇಡಂ, ಬೀದರ ಕಡೆಯವರು, ಮೂಗಿನ ತುದಿಗೆ ಕನ್ನಡಕ. ಜೊತೆಗೆ ಕಾಶಿನಾಥ ಸರ್, ದೊಡ್ಡ ಹೊಟ್ಟೆ, ಅದರ ಮೇಲೆ ನಿಯಮಗಳ ಫೈಲು. ಬುಷರಾ ಎಲ್ಲರ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು. ಮಶೀನಿನ ಮೇಲೆ ಅಷ್ಟು ಹೂವು, ಅದರ ಸುತ್ತ ಅಷ್ಟು ಹೊಗೆ. ಅವಳಿಗೆ ಕಂಡದ್ದು ಹೂವು ಮಾತ್ರ.

ಹನುಮವ್ವ ಉಂಡೆಯಿಟ್ಟು, ಕೈ ಹಿಂದೆಗೆದು ಪೆಡಲ್ ಒತ್ತಿದಳು.

ಕೆಂಪು ದೀಪ ಹತ್ತಿತು. "ಕೃಪಯಾ ಹಾಥ್ ಹಟಾಯಿಯೇ," ಎಂದಿತು ಮಶೀನು.

ಹನುಮವ್ವ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಒತ್ತಿದಳು. "ಕೃಪಯಾ ಹಾಥ್ ಹಟಾಯಿಯೇ."

"ತಗದೀನಲ್ಲವಾ!" ಅವಳು ಎರಡೂ ಕೈ ಮೇಲೆತ್ತಿ ಮಶೀನಿಗೆ ತೋರಿಸಿದಳು. "ಕೃಪಯಾ ಹಾಥ್ ಹಟಾಯಿಯೇ."

"ಮೌಶಿ, ಹಿಂದೆ ಸರೀರಿ. ಸಬ್ ಲೋಗ್ ಹಿಂದೆ!" ಎಂದಳು ಬುಷರಾ. ಎಲ್ಲರೂ ಸರಿದರು. ಮಶೀನು ಕೇಳಲಿಲ್ಲ. ಸುಗರಾ ಯಾವುದಕ್ಕೂ ಇರಲಿ ಎಂದು ತನ್ನ ಕೈಗಳನ್ನೂ ಮೇಲೆತ್ತಿದಳು. ಅವಳನ್ನು ನೋಡಿ ಉಳಿದ ಮೂವರು ಹೆಂಗಸರು ಎತ್ತಿದರು. ಬಾಗಿಲಲ್ಲಿದ್ದ ಗದಿಗೆಪ್ಪ ಎತ್ತಿದ. ಕಾಶಿನಾಥ ಸರ್ ಅತ್ತಿತ್ತ ನೋಡಿ, ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈ ಮೇಲೆತ್ತಿದರು. ಪೋಲೀಸರ ಕೈಗೆ ಸಿಕ್ಕಿಬಿದ್ದ ಕಳ್ಳರ ಗುಂಪಿನಂತೆ ಇಡೀ ಖೋಲಿ ಕೈಯೆತ್ತಿ ನಿಂತಿತು.

"ಕೃಪಯಾ ಹಾಥ್ ಹಟಾಯಿಯೇ," ಎಂದಿತು ಮಶೀನು, ಅದೇ ಮೆತ್ತನೆಯ ದನಿಯಲ್ಲಿ.

"ಇನ್ನ ಯಾರ ಕೈ ಬೇಕ ಇದಕ್ಕ?" ಎಂದಳು ಸುಗರಾ. "ಮೇಡಂ, ನೀವೊಬ್ರ ಉಳಿದೀರಿ ನೋಡ್ರಿ."

ಶಿವಕುಮಾರಿ ಮೇಡಂ ಕನ್ನಡಕದ ಮೇಲಿಂದ ನೋಡಿದರು. ಆಮೇಲೆ ನಿಧಾನವಾಗಿ ಅವರ ಕೈಗಳೂ ಮೇಲೇರಿದವು. ಮಶೀನು ಮಾತ್ರ ಪಟ್ಟು ಬಿಡಲಿಲ್ಲ.

ಬುಷರಾ ಮಂಡಿಯೂರಿ ವೈರು ಎಳೆದು ನೋಡಿದಳು, ಪ್ಲಗ್ಗು ತೆಗೆದು ಹಾಕಿದಳು. "ಕಣ್ಣು... ಕಣ್ಣಿಗೆ ಏನೋ ಕಾಣ್ತಿದೆ. ಆದರೆ ಏನಿದೆ ಅಲ್ಲಿ?" ಎಂದು ಪಕ್ಕದಲ್ಲಿ ಬೆರಳಾಡಿಸಿ, ಅಭ್ಯಾಸಬಲದಿಂದ ಹಳೆಯ ಜಾಗ ಹುಡುಕಿದಳು. ತಕ್ಷಣ ನೆನಪಾಗಿ ತಲೆ ಎತ್ತಿ ಮಶೀನಿನ ಹಣೆ ನೋಡಿದಳು.

ಅವಳ ನೋಟ ಹೋದ ಕಡೆಗೇ ಹನುಮವ್ವನ ನೋಟವೂ ಹೋಯಿತು. ಹೂವಿನ ಕೆಳಗೆ, ರೂಪಾಯಿಯಷ್ಟಗಲ ಕುಂಕುಮ ಕೆಂಪಗೆ ಮಿರಿಮಿರಿ ಮಿಂಚುತ್ತಿತ್ತು.

ಹನುಮವ್ವನಿಗೆ ಎಲ್ಲ ತಿಳಿಯಿತು. ಬುಷರಾ ಹನುಮವ್ವನ ಹೆಸರು ಹೇಳುವವಳಲ್ಲ, ಆ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸುಮ್ಮನಿದ್ದಿದ್ದರೆ ಮಶೀನು ಕೆಟ್ಟಿತೆಂದು ಬರೆದುಕೊಂಡು ಎಲ್ಲರೂ ಹೊರಟುಹೋಗುತ್ತಿದ್ದರು. ಹನುಮವ್ವ ಎದ್ದಳು. ಸೆರಗಿನ ಚುಂಗನ್ನು ಬಿಸಿನೀರಿನಲ್ಲಿ ಅದ್ದಿ, ಆ ಕರಿಯ ಗಾಜನ್ನು ಚೆನ್ನಾಗಿ ಒರೆಸಿದಳು. ಕೆಂಪು ದೀಪ ಆರಿತು. ಮಶೀನು ಸುಮ್ಮನಾಯಿತು.

"ಹಣೆಗಣ್ಣಿಗೇ ಕುಂಕುಮ ಮೆತ್ತಿದ್ನಿರಿ. ತಪ್ಪು ನಂದು. ಈ ಹುಡುಗಿದಲ್ಲ."

"ಇಲ್ಲ, ತಪ್ಪು ನನ್ನದು," ಎಂದಳು ಬುಷರಾ. "ಮೌಶಿಯ ಮೊಣಕೈಯಿಂದ ಹೆಬ್ಬೆರಳಿನವರೆಗೆ ಎಲ್ಲಾ ಅಳತೆ ನಾಪ್ ಮಾಡಿದೆ. ಹೊಸ ಮಶೀನು ಬಂದ ದಿನ ಬೆಳಿಗ್ಗೆ ಏನು ಮಾಡ್ತೀರಿ ಅಂತ ಪೂಛಾ ಹೀ ನಹೀ, ಕೇಳಲೇ ಇಲ್ಲ. ಕುಂಕುಮ ಹಚ್ಚೋ ಜಾಗಾದಲ್ಲೇ ಕಣ್ಣು ಇಟ್ಟೆ."

"ಕುಂಕುಮ ತಂದಾಕಿ ನಾನ ಅದೀನಿ," ಎಂದು ಸುಗರಾ ಮುಂದೆ ಬಂದಳು. "ಬರಕೊಳ್ರಿ ನನ್ನ ಹೆಸರ."

"ಕಾಯಿ ತಂದಾಂವ ನಾನ್ರಿ," ಎಂದ ಗದಿಗೆಪ್ಪ ಬಾಗಿಲಿನಿಂದ, ಇನ್ನೂ ಕೈ ಇಳಿಸದೆ.

ಕಾಶಿನಾಥ ಸರ್ ಫೈಲು ತೆರೆದರು. "ನಿಯಮದ ಪ್ರಕಾರ ಒಮ್ಮೆ ನಿಂತರೂ..." ಎಂದು ಶುರು ಮಾಡಿ, ಅಲ್ಲೇ ತಡವರಿಸಿದರು. ಹಣೆಯ ಬೆವರು ಒರೆಸಿಕೊಂಡರು. "ಹೇಳಿಬಿಡ್ತೀನಿ ಮೇಡಂ. ಹೋದ ದಸರಾದಲ್ಲಿ ನಾನೂ ಹೊಸ ಕಾರಿಗೆ ಪೂಜೆ ಮಾಡಿಸಿದೆ. ಹಿಂದಿನ ಕ್ಯಾಮೆರಾಕ್ಕೆ ನಾನೇ ಕೈಯಾರೆ ಕುಂಕುಮ ಹಚ್ಚಿದೆ. ಹಿಂದೆ ಯಾರೋ ಇದ್ದಾರೆ ಅಂತ ಮೂರು ದಿನ ಕಾರು ಅಳ್ತಾ ಇತ್ತು. ಯಾಕೆ ಅಂತ ಇವತ್ತು ಗೊತ್ತಾಯ್ತು."

ಮೊದಲು ನಕ್ಕವಳು ಸುಗರಾ. ಆಮೇಲೆ ಯಾರು ಯಾರೆಂದು ಹೇಳುವಂತಿರಲಿಲ್ಲ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕಾಶಿನಾಥ ಸರ್ ಹೊಟ್ಟೆ ಕುಣಿದು ಫೈಲು ಜಾರಿ ಹಿಟ್ಟಿನಲ್ಲಿ ಬಿತ್ತು. ಹನುಮವ್ವ ಮಾತ್ರ ನಗಲಿಲ್ಲ. ಅವಳು ಶಿವಕುಮಾರಿ ಮೇಡಂ ಮುಖವನ್ನೇ ನೋಡುತ್ತಿದ್ದಳು.

ಮೇಡಂ ಮಶೀನಿನ ಹತ್ತಿರ ಬಂದು ಬಗ್ಗಿದರು. "ಬುಷರಾ, ಕುಂಕುಮ ಇದ್ದಾಗ ಇದಕ್ಕೆ ಏನೂ ಕಾಣ್ತಿರಲಿಲ್ಲ ಅಲ್ಲವಾ?"

"ಹೂಂ, ಮೇಡಂ."

"ಕಾಣದೇ ಇದ್ದಾಗ ಏನು ಮಾಡ್ತು?"

"ನಿಂತುಬಿಡ್ತು."

"ಕಣ್ಣು ಕಾಣದಿದ್ದರೂ ತಟ್ಟೆ ಇಳಿಸಿದ್ದರೆ?"

ಹನುಮವ್ವ ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು.

"ಕೆಟ್ಟು ನಿಂತರೆ ನಾಪಾಸು," ಎಂದರು ಮೇಡಂ. "ಇದು ಕೆಟ್ಟಿಲ್ಲ. ತನಗೆ ಕಾಣದಿದ್ದಾಗ ಯಾರ ಬೆರಳಿಗೂ ಅಪಾಯ ಮಾಡದೆ, ಕೃಪಯಾ ಅಂತ ಮರ್ಯಾದೆಯಿಂದ ಹೇಳಿ ನಿಂತಿದೆ. ಕುರುಡಾದರೆ ಏನು ಮಾಡ್ತೀಯಾ ಅಂತ ಕೇಳೋ ಪರೀಕ್ಷೆಯನ್ನ ನಮ್ಮ ಫೈಲಿನಲ್ಲಿ ಯಾರೂ ಬರೆದೇ ಇರಲಿಲ್ಲ, ಕಾಶಿನಾಥ್. ಈ ಅಮ್ಮ ಬೆಳಿಗ್ಗೆ ಎದ್ದು ಮಾಡಿಟ್ಟಿದ್ದಾರೆ. ಬರಕೊಳ್ಳಿ. ಎಣಿಕೆ ಒಂದರಿಂದ ಶುರು."

ಹನುಮವ್ವ ಸೆರಗು ಸಿಕ್ಕಿಸಿ ಕೂತಳು. ಉಂಡೆ, ಪೆಡಲು, ತಟ್ಟೆ, ಕೈಯ ನಾಲ್ಕು ಬಡಿತ, ಹೆಂಚು. ಹತ್ತರವರೆಗೆ ಖೋಲಿ ಉಸಿರು ಹಿಡಿದಿತ್ತು. ಇಪ್ಪತ್ತಕ್ಕೆ ಸುಗರಾ ಎಣಿಕೆಯನ್ನೇ ರಾಗವಾಗಿ ಹಾಡತೊಡಗಿದಳು. ನಲವತ್ತಕ್ಕೆ ಉಳಿದವರು ಬಳೆ ಕುಣಿಸಿ ತಾಳ ಹಾಕಿದರು. ಅರವತ್ತಕ್ಕೆ ಗದಿಗೆಪ್ಪ ಹೆಂಚಿನ ರೊಟ್ಟಿ ಮಗುಚಲು ಬಂದು, ಬೆರಳು ಸುಟ್ಟುಕೊಂಡು, ಬೈಸಿಕೊಂಡು ಮತ್ತೆ ಬಾಗಿಲಿಗೆ ಹೋದ. ಎಂಬತ್ತರ ಹೊತ್ತಿಗೆ ಚಾಳಿನ ಮೇಲಿನ ಮಾಳಿಗೆಗಳಿಂದ ಮಂದಿ ಇಳಿದು ಕಿಟಕಿಯಲ್ಲಿ ಎಣಿಸುತ್ತಿದ್ದರು, ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ. ತೊಂಬತ್ತೊಂಬತ್ತನೆಯದರ ಮೇಲೆ ಹನುಮವ್ವ ಒಂದು ಕ್ಷಣ ನಿಂತು ಹಣೆಗಣ್ಣನ್ನು ನೋಡಿದಳು. ಅದೂ ಅವಳನ್ನು ನೋಡಿತು. ನೂರನೆಯ ರೊಟ್ಟಿ ಹೆಂಚಿನ ಮೇಲೆ ಉಬ್ಬಿ ಪುಗ್ಗೆಯಾಯಿತು.

ಕಾಶಿನಾಥ ಸರ್ ಪಾಸೆಂದು ಬರೆದು, ಆ ಕೂಡಲೇ ಪರೀಕ್ಷೆಯ ಮಾದರಿಗಳಲ್ಲಿ ಆರನ್ನು ಶೇಂಗಾ ಚಟ್ನಿಯ ಜೊತೆ ತಿಂದರು. ಶಿವಕುಮಾರಿ ಮೇಡಂ ಕೊನೆಯ ಕಾಗದ ತೆಗೆದು, "ಅಮ್ಮಾ, ಈ ಮಶೀನು ಬಳಸೋದು ಎಷ್ಟು ಕಷ್ಟ? ಹತ್ತರಲ್ಲಿ ಎಷ್ಟು?" ಎಂದು ಕೇಳಿದರು.

ಬುಷರಾ ಕಣ್ಣು ಮುಚ್ಚಿಕೊಂಡಳು.

"ಒಂದು," ಎಂದಳು ಹನುಮವ್ವ. "ಕುಂಕುಮ ಹಚ್ಚಾಕ ಜಾಗಾ ಇಲ್ಲ, ಅದಕ್ಕೊಂದು. ಇಲ್ಲಾಂದ್ರ ಸೊನ್ನಿ."

ಮಂಗಳವಾರ ಬುಷರಾ ಮತ್ತೆ ಬಂದಳು. ಕಣ್ಣನ್ನು ಒಳಗೆ, ಯಾವ ಕೈಯೂ ಹೂವಿಡಲು ಹೋಗದ ಕಡೆ ಸರಿಸಿದಳು. ಮಶೀನಿನ ಹಣೆಗೆ ಬಟ್ಟಲಿನಂತೆ ತಗ್ಗಾದ ಒಂದು ಸಣ್ಣ ಹಿತ್ತಾಳೆ ಬಿಲ್ಲೆ ಕೂರಿಸಿದಳು. ಹನುಮವ್ವನ ಹೆಬ್ಬೆರಳ ಅಳತೆ ಅವಳ ಹತ್ತಿರ ಮೊದಲೇ ಇತ್ತಲ್ಲ, ಬಿಲ್ಲೆ ಅದಕ್ಕೆ ತಕ್ಕಂತೆಯೇ ಇತ್ತು. ಹನುಮವ್ವ ಕುಂಕುಮ ಹಚ್ಚಿದಳು. ಮಶೀನು ಮಾತಾಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಸುಗರಾ ಇಷ್ಟು ಹೊತ್ತು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದುದನ್ನು ಹೊರಗೆ ತೆಗೆದಳು. ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ದಾರ. "ಇಷ್ಟ ಚೆಂದ ಮಶೀನಕ್ಕ ಮಂದಿ ನಜರ್ ತಾಗಬಾರದವಾ," ಎಂದು ಮೇಲಿನ ಸರಳಿಗೆ ಕಟ್ಟಿ ಇಳಿಬಿಟ್ಟಳು. ನಿಂಬೆಹಣ್ಣು ತೂಗುತ್ತ ತೂಗುತ್ತ ಸರಿಯಾಗಿ ತಟ್ಟೆಗಳ ನಡುವೆ ಬಂದು ನಿಂತಿತು.

"ಕೃಪಯಾ ಹಾಥ್ ಹಟಾಯಿಯೇ."

ಐವರು ಹೆಂಗಸರೂ ಒಂದೇ ಸಲ ಕೈ ಮೇಲೆತ್ತಿದರು. ಬುಷರಾ ಎತ್ತಲಿಲ್ಲ. ಅವಳು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹೊಸ ಹಾಳೆ ತೆರೆದಳು.

"ಖಾಲಾ," ಎಂದಳು ಸುಗರಾಳ ಕಡೆ ತಿರುಗಿ, "ನಿಂಬೆಹಣ್ಣು ಎಷ್ಟು ಉದ್ದಕ್ಕೆ ಬಿಡ್ತೀರಿ? ಹೇಳಿ, ಬರಕೋತೀನಿ."